ಖಾಲಿ ಬಿಟ್ಟ ಹೆಸರು

"ಅಲ್ಲೇ ನಿಲ್ರಿ! ಹೊಸ್ತಿಲ ದಾಟಿದ್ರ ಕಾಲ ಮುರದ ಕೈಯಾಗ ಕೊಡ್ತೀನಿ!"

ಶಂಕ್ರವ್ವನ ಕೈಯಲ್ಲಿ ಕಸಬರಿಗೆ. ಎದುರಿಗೆ ನಿಂತವನ ಕೈಯಲ್ಲಿ ಅಳತೆಯ ಟೇಪು.

"ನಾ ಪರಪ್ಪ ಅಂತ್ರಿ, ರೋಣದ ಕಚೇರಿಯಿಂದ ಬಂದೇನಿ. ಆಶ್ರಮದ ಲೈಸೆನ್ಸಿಗೆ ಕಾಗದಪತ್ರ ತಯಾರ ಮಾಡಸಾಕ ಕಳಿಸ್ಯಾರ."

"ಯಾರ ಕಳಿಸಿದ್ರೂ ಅಷ್ಟ! ಗಂಡಸರು ಒಳಗ ಬರಂಗಿಲ್ಲ."

ಅವನು ಸಿಟ್ಟಾಗಲಿಲ್ಲ. ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದ.

"ಭಾಳ ಚಲೋ ನಿಯಮ ಐತ್ರಿ. ಆದ್ರ ಬರದು ಬಾಗಲಿಗೆ ಹಚ್ಚಿಲ್ಲ. ಹಚ್ಚಿಬಿಟ್ರ ಒಂದು ಕಲಮು ಪಾಸಾದಂಗ!"

ಶಂಕ್ರವ್ವನಿಗೆ ನಗು ಬಂತು. ಗದರಿದ ಬಾಯಲ್ಲೇ ನಗುವುದು ಹೇಗೆ? ಕಸಬರಿಗೆಯನ್ನು ಅಡ್ಡ ಹಿಡಿದುಕೊಂಡಳು.

ಅವನು ಟೇಪಿನ ಒಂದು ತುದಿಯನ್ನು ಹೊಸ್ತಿಲ ಒಳಗೆ ಚಾಚಿದ. "ನೀವು ಒಳಗ ಅಳೀರಿ, ನಾ ಹೊರಗ ಬರಕೋತೀನಿ."

ಹೀಗೆ ಟೇಪಿನ ಒಂದು ತುದಿ ಅವಳ ಕೈಗೆ ಬಂತು. ಬೇಡವೆಂದರೂ ಬಂತು!

ಅದು ಸಾವಿರದ ಒಂಬೈನೂರ ಐವತ್ತೆಂಟು. ಗಜೇಂದ್ರಗಡದ ಆ ಮಹಿಳಾಶ್ರಮದಲ್ಲಿ ಹತ್ತೊಂಬತ್ತು ಹೆಂಗಸರು ಸೀರೆ ನೇಯ್ದು ಬದುಕುತ್ತಿದ್ದರು. ಹೊಸ ಕಾಯ್ದೆ ಬಂದಿತ್ತು. ದೀಪಾವಳಿಯೊಳಗೆ ಲೈಸೆನ್ಸ್ ಸಿಗದಿದ್ದರೆ ಬಾಗಿಲಿಗೆ ಬೀಗ ಜಡಿದು, ಎಲ್ಲರನ್ನೂ ಅವರವರ ಮನೆಯವರಿಗೆ ಒಪ್ಪಿಸುವುದು. ಎಂಥ ನ್ಯಾಯ ನೋಡಿ! ಆ ಮನೆಯವರ ಕೈ ತಪ್ಪಿಸಿಕೊಂಡೇ ಅವರು ಅಲ್ಲಿಗೆ ಬಂದದ್ದು.

ಆಶ್ರಮ ನೋಡಿಕೊಳ್ಳುತ್ತಿದ್ದವಳು ಶಂಕ್ರವ್ವ. ಹನ್ನೆರಡಕ್ಕೆ ಮದುವೆ, ಹನ್ನೆರಡಕ್ಕೇ ವಿಧವೆ. ಅಕ್ಷರ ಕಲಿತದ್ದು ಇಲ್ಲೇ, ಬೆಳೆದದ್ದು ಇಲ್ಲೇ. ಈಗ ಇಪ್ಪತ್ತೇಳು.

ಪರಪ್ಪ ವಾರಕ್ಕೊಮ್ಮೆ ರೋಣದ ಬಸ್ಸಿಗೆ ಬರತೊಡಗಿದ. ಮಲಗುವ ಕೋಣೆಯಲ್ಲಿದ್ದ ಮಗ್ಗಗಳು ಪಡಸಾಲೆಗೆ ಬಂದವು. ಬಾವಿಗೆ ಕಟ್ಟೆ ಎದ್ದಿತು. ರೋಗಿಗಳಿಗೆ ಬೇರೆ ಕೋಣೆಯಾಯಿತು. ಅವನೆಂದೂ ಹೊಸ್ತಿಲು ದಾಟಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಕೂತು ಒಂದೇ ಮಂತ್ರ ಜಪಿಸುತ್ತಿದ್ದ: "ಖಾಲಿ ಕಾಲಮ್ಮು ಇರಬಾರದು ನೋಡ್ರಿ. ಒಂದು ಖಾಲಿ ಇದ್ರೂ ಕಾಗದ ತಿರುಗಿ ಬರತೈತಿ."

ಅವನ ಹೆಂಡತಿ ತೀರಿ ಆರು ವರ್ಷವಾಗಿತ್ತಂತೆ. ಈ ಸುದ್ದಿಯನ್ನು ಶಂಕ್ರವ್ವ ಬಳೆ ಮಾರುವ ಜಮಾಲಬಿಯಿಂದ ತಿಳಿದುಕೊಂಡಳು. ಅದೂ ಮೂರು ಸಲ ಕೇಳಿ!

ಕಷ್ಟ ಬಂದದ್ದು ಒಂದೇ ಕಾಲಮ್ಮಿಗೆ: ಗಂಡನ ಹೆಸರು.

ಗಂಡನ ಹೆಸರು ಹೇಳುವುದುಂಟೇ? ಹೊಡೆದವನಾಗಲಿ, ಬಿಟ್ಟವನಾಗಲಿ, ಗಂಡನ ಹೆಸರು ಬಾಯಲ್ಲಿ ಬಂದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬಿದವರು. ಎಲ್ಲರೂ ಬಾಯಿಗೆ ಸೆರಗು ಇಟ್ಟುಕೊಂಡು ಕೂತುಬಿಟ್ಟರು.

"ಒಡಪಿನಾಗ ಹೇಳಬಹುದಲ್ರಿ?" ಎಂದ ಪರಪ್ಪ ಕಟ್ಟೆಯಿಂದ.

ಹೌದಲ್ಲ! ಮದುವೆಯಲ್ಲಿ ಪದ ಕಟ್ಟಿ, ಪದದೊಳಗೆ ಹೆಸರು ಹೆಣೆದು ಹೇಳಿದರೆ ಅದಕ್ಕೆ ದೋಷವಿಲ್ಲ. ಮುದುಕಿ ಸಾವಕ್ಕ ಶುರು ಮಾಡಿದಳು. ಒಬ್ಬಳ ಒಡಪಿಗೆ ಇನ್ನೊಬ್ಬಳು ನಕ್ಕಳು, ನಕ್ಕವಳನ್ನು ಮತ್ತೊಬ್ಬಳು ಕೆಣಕಿದಳು. ಎಷ್ಟೋ ವರ್ಷದ ಮೇಲೆ ಆ ಪಡಸಾಲೆಗೆ ಮದುವೆಮನೆಯ ಕಳೆ ಬಂತು.

ಮರಿಯವ್ವ ಅಲ್ಲಿ ಎಲ್ಲರಿಗಿಂತ ಚಿಕ್ಕವಳು, ಇಪ್ಪತ್ತರ ಹುಡುಗಿ. ಮೊಣಕೈಯಿಂದ ಮಣಿಕಟ್ಟಿನವರೆಗೆ ಸುಟ್ಟ ಗಾಯದ ಕಲೆ. ಮೂರು ವರ್ಷದಿಂದ ಗಂಡನ ಹೆಸರಿರಲಿ, ಊರಿನ ಹೆಸರನ್ನೂ ಬಿಟ್ಟುಕೊಟ್ಟವಳಲ್ಲ. ಆ ದಿನ ನಗುವಿನ ಭರದಲ್ಲಿ ಅವಳಿಗೆ ಏನಾಯಿತೋ...

"ಕೆಂಪನ್ನ ಸೀರಿ, ಕರಿಯನ್ನ ಅಂಚು, ಕಣ್ತುಂಬ ನೋಡಲಿ ಸಂತಿ,
ಬೆಳವಣಕಿ ದುರಗಪ್ಪನ ಹೆಸರ ಹೇಳಾಕ ನನಗ್ಯಾತರ ಚಿಂತಿ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಶಂಕ್ರವ್ವ ತನ್ನ ವಹಿಯಲ್ಲಿ ಬರೆದುಕೊಂಡಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

"ಅಕ್ಕಾ, ಈಗ ನಿನ್ನ ಪಾಳಿ!" ಎಂದಳು ಮರಿಯವ್ವ.

"ನನಗ ಹೇಳೂ ಹೆಸರಿಲ್ಲ."

"ಮುಂದ ಬರಬಹುದಲ್ರಿ..." ಹೊರಗಿನಿಂದ ಮೆಲ್ಲಗೆ ದನಿ ಬಂತು.

ಪಡಸಾಲೆಯೆಲ್ಲ ಹೋ ಎಂದಿತು. ಶಂಕ್ರವ್ವನ ಮುಖ ಕೆಂಪಾಯಿತು. 'ನನಗೂ ಒಂದು ಹೆಸರು ಬರಬಹುದೇ?' ಆ ದಿನವೆಲ್ಲ ಅವಳಿಗೆ ಅದೇ ಯೋಚನೆ.

ಕಾಗದ ಕಳಿಸುವ ದಿನ ಬಂತು. ಪರಪ್ಪ ಎಲ್ಲವನ್ನೂ ನಕಲು ಮಾಡಿಟ್ಟು, ಬೇರೊಂದು ಆಶ್ರಮದ ಕೆಲಸಕ್ಕೆ ನರಗುಂದಕ್ಕೆ ಹೋಗಿದ್ದ. ಕಟ್ಟು ಹೊಲಿಯುವಾಗ ಶಂಕ್ರವ್ವ ನೋಡಿದರೆ ಅಲ್ಲೊಂದು ಇಲ್ಲೊಂದು ಕಾಲಮ್ಮು ಖಾಲಿ! ಒಬ್ಬಳ ವಯಸ್ಸು, ಒಬ್ಬಳ ಊರು, ಹೀಗೆ ಏಳೆಂಟು. ಹೊರಗೆ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ವಹಿ ನೋಡಿ ಗಡಿಬಿಡಿಯಲ್ಲಿ ಎಲ್ಲ ತುಂಬಿದಳು. ಯಾರದೇನು ಎಂದು ನೋಡಲೂ ಪುರಸೊತ್ತಿರಲಿಲ್ಲ. 'ಮರೆಗುಳಿ ಮನುಷ್ಯ! ಬರಲಿ, ಚಲೋ ಕಾಡಿಸುತ್ತೇನೆ' ಎಂದುಕೊಂಡಳು.

ಕಾಡಿಸುವ ಕಾಲ ಬರಲೇ ಇಲ್ಲ.

ತನಿಖೆಗೆ ಪರಪ್ಪನನ್ನು ಕರೆದುಕೊಂಡು ಸಾಹೇಬರು ಬಂದ ದಿನವೇ ದುರಗಪ್ಪನೂ ಬಂದ, ಜೊತೆಗೆ ಇಬ್ಬರು ಗಟ್ಟಿಗರು. ಕೈಯಲ್ಲಿ ಸರ್ಕಾರದ ನೋಟೀಸು. ಕಾಲಮ್ಮಿನಲ್ಲಿ ಹೆಸರಿದ್ದ ಗಂಡಂದಿರಿಗೆಲ್ಲ ಮೇಲಿನ ಕಚೇರಿ ಬರೆದಿತ್ತು: ನಿಮ್ಮ ಹೆಂಡತಿ ಇಲ್ಲಿದ್ದಾಳೆ, ಕರೆದುಕೊಂಡು ಹೋಗುತ್ತೀರಾ?

ಹದಿನೆಂಟು ಮಂದಿಯ ಗಂಡಂದಿರಿಗೆ ಬೇಕಾಗಿರಲಿಲ್ಲ. ಇವನಿಗೆ ಬೇಕಾಗಿತ್ತು.

"ನನ್ನ ಹೇಣ್ತಿ ನನಗ ಕೊಡ್ರಿ. ಮೂರು ವರ್ಷ ಹುಡುಕೇನಿ. ಸರಕಾರನ ತೋರಿಸಿಕೊಟ್ಟೈತಿ!"

ಶಂಕ್ರವ್ವ ಓಡಿ ಬಂದು, ಜೀವನದಲ್ಲಿ ಮೊದಲ ಸಲ ಪರಪ್ಪನ ತೋಳು ಹಿಡಿದಳು. "ಪರಪ್ಪನವರ, ಹೆಸರ ತಪ್ಪು ಬಿದ್ದೈತಿ ಅನ್ರಿ! ಒಂದ ಮಾತ ಅನ್ರಿ!"

ಸಾಹೇಬರು ಫೈಲು ತೆರೆದರು. "ತಪ್ಪಿದ್ರ ಸುಳ್ಳು ದಾಖಲಿ ಆತು. ಲೈಸೆನ್ಸ್ ರದ್ದು, ಎಲ್ಲಾರೂ ಹೊರಗ. ಇದನ್ನ ಬರದವ್ರು ಯಾರು?"

ಪರಪ್ಪ ಆ ಪುಟ ನೋಡಿದ. ಅವನ ಮುಖದ ರಕ್ತ ಇಳಿದು ಹೋಯಿತು. ಒಮ್ಮೆ ಶಂಕ್ರವ್ವನನ್ನು ನೋಡಿದ. ಹಿಂದೆ ನಿಂತ ಹೆಂಗಸರನ್ನು ನೋಡಿದ.

"ನಾನ ಬರದೀನ್ರಿ. ಹೆಸರು... ಖರೇ ಐತಿ."

ದುರಗಪ್ಪ ಮರಿಯವ್ವನನ್ನು ಸುಟ್ಟ ಕೈಯಲ್ಲೇ ಹಿಡಿದು ಎಳೆದ. ಬೇಕೆಂದೇ. ಅವಳು ಚೀರಲಿಲ್ಲ. ಬಾಗಿಲಲ್ಲಿ ತಿರುಗಿ ನೋಡಿದಳು.

"ಅಕ್ಕಾ, ಮಗ್ಗದ ಮ್ಯಾಲಿನ ಸೀರಿ ಒಂದ ಮೊಳ ಉಳದೈತಿ... ಮುಗಸ್ತಿ?"

ಇಪ್ಪತ್ತು ದಿನಕ್ಕೆ ಜಮಾಲಬಿ ಬಳೆಯ ಬುಟ್ಟಿಯನ್ನೂ ಇಳಿಸದೆ ಅಳುತ್ತ ಬಂದಳು. ಮರಿಯವ್ವ ಬೆಳವಣಕಿಯ ಬಾವಿಯಲ್ಲಿ ಸಿಕ್ಕಿದ್ದಳು. ಬಿದ್ದಳೋ, ನೂಕಿದರೋ, ಕೇಳುವವರು ಯಾರು?

ಅದೇ ವಾರ ಲೈಸೆನ್ಸ್ ಬಂತು. ನಿಯಮದ ಪ್ರಕಾರ ಬಾಗಿಲಿಗೆ ತೂಗುಹಾಕಬೇಕು. ಶಂಕ್ರವ್ವ ತಾನೇ ಮೊಳೆ ಹೊಡೆದಳು.

ಪರಪ್ಪ ಬಂದು ಹೊರಗೆ ನಿಂತ.

"ಕೊಂದವ್ರು ನೀವು!" ಅವಳು ಹೊಸ್ತಿಲಿಗೆ ಅಡ್ಡ ನಿಂತಳು. "ನಿಮ್ಮ ಕಾಲಮ್ಮು ತುಂಬಿತಲ್ಲ! ಪರಪ್ಪ ಅನ್ನೂ ಹೆಸರ ಹಾಳಾಗಿ ಹೋಗಲಿ!"

ಅವನು ತಲೆ ತಗ್ಗಿಸಿ ಹೋದ. ಮಾಡಿದವನಿಗೆ ಬಾಯಿ ಎಲ್ಲಿಂದ ಬರಬೇಕು, ಎಂದುಕೊಂಡಳು.

ಒಂದು ವರ್ಷ ಅವಳು ಬೀಸುವಾಗ, ತೊಳೆಯುವಾಗ ಆ ಹೆಸರನ್ನು ಶಪಿಸಿದಳು. ಶಪಿಸಿ ಮುಗಿದ ಮೇಲೆ ಅಳುತ್ತಿದ್ದಳು. ದ್ವೇಷಿಸಿದವನಿಗಾಗಿ ಯಾರಾದರೂ ಅಳುತ್ತಾರೆಯೇ?

ಮರುವರ್ಷ ಲೈಸೆನ್ಸ್ ಹೊಸದು ಮಾಡಿಸಲು ಹಳೆಯ ಫೈಲು ತಿರುಗಿ ಬಂತು. ಮರಿಯವ್ವನ ಪುಟ ತೆರೆದಾಗ ಶಂಕ್ರವ್ವನ ಕೈ ನಿಂತುಹೋಯಿತು.

ವಯಸ್ಸು, ಎತ್ತರ, ಗಾಯದ ಗುರುತು, ಎಲ್ಲವೂ ಅವನ ದುಂಡನೆಯ ಅಕ್ಷರ, ನೀಲಿ ಶಾಯಿ. ಗಂಡನ ಹೆಸರು ಮಾತ್ರ ಕಪ್ಪು ಶಾಯಿ. ಓರೆ ಅಕ್ಷರ. ಗಡಿಬಿಡಿಯ ಅಕ್ಷರ.

ಅವಳದೇ ಅಕ್ಷರ.

ಅವನು ಮರೆತಿರಲಿಲ್ಲ. ಬೇಕೆಂದೇ ಖಾಲಿ ಬಿಟ್ಟಿದ್ದ! ಖಾಲಿ ಇರಬಾರದೆಂದು ಜಪಿಸುತ್ತಿದ್ದವನು, ಆ ಸುಟ್ಟ ಕೈ ನೋಡಿ, ಮೊದಲ ಸಲ ಒಂದು ಕಾಲಮ್ಮು ಖಾಲಿ ಬಿಟ್ಟಿದ್ದ. ಅದೊಂದೇ ಎದ್ದು ಕಾಣದಿರಲೆಂದು ಬೇರೆ ಪುಟಗಳಲ್ಲೂ ಅಲ್ಲೊಂದು ಇಲ್ಲೊಂದು ಬಿಟ್ಟಿದ್ದ. ತುಂಬಿದವಳು ಅವಳು.

"ಅಯ್ಯೋ ಮರಿಯವ್ವಾ... ನಾನ ಏನ ನಿನ್ನ..."

ಅವಳು ಮಗ್ಗದ ಮುಂದೆ ಕುಸಿದು ಕೂತಳು. ಸಾವಕ್ಕ ಬಂದು ಎಬ್ಬಿಸುವವರೆಗೂ ಏಳಲಿಲ್ಲ.

ಮರುದಿನ ಬೆಳಗಿನ ಬಸ್ಸಿಗೆ ರೋಣಕ್ಕೆ ಹೋದಳು. ಕಚೇರಿಯ ಬಾಗಿಲಲ್ಲಿ ಜವಾನ ಮೈನುದ್ದೀನ ಕೂತಿದ್ದ.

"ಯಾರನ್ನ ಕಾಣಬೇಕ್ರಿ ಅವ್ವಾರ?"

ಶಂಕ್ರವ್ವ ಬಾಯಿ ತೆರೆದಳು. ವರ್ಷವಿಡೀ ದಿನಕ್ಕೆ ಹತ್ತು ಸಲ ಶಪಿಸಿದ ಹೆಸರು... ಬಾಯಿಗೆ ಬರಲೇ ಇಲ್ಲ!

"ಅವ್ರನ್ನ..."

"ಅವ್ರು ಅಂದ್ರ ಯಾರ್ರಿ? ಹೆಸರ ಹೇಳ್ರಿ."

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು, ಒಳಗೆ ಮೂಲೆಯ ಮೇಜಿನ ಕಡೆ ಬೆರಳು ತೋರಿಸಿದಳು.

ಮೈನುದ್ದೀನ ಸಂಸಾರವಂದಿಗ. ಹೆಸರು ಹೇಳದ ಹೆಂಗಸು ಎಂದರೆ ಅವನಿಗೆ ಒಂದೇ ಅರ್ಥ.

"ಪರಪ್ಪನವರ! ನಿಮ್ಮ ಮನ್ಯಾರು ಬಂದಾರ್ರಿ!"

ಪರಪ್ಪ ದಿಗ್ಗನೆ ಎದ್ದು ಹೊರಗೆ ಬಂದ. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಅವಳು ಆ ಪುಟವನ್ನು ಮುಂದೆ ಹಿಡಿದಳು. ಅವನು ನೋಡಿ ಕಣ್ಣು ಮುಚ್ಚಿದ.

"ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ಉಳೀತಿದ್ದಿಲ್ಲ. ನನ್ನ ಬೈಕೋತ ಆದ್ರೂ ಇರಲಿ ಅನಿಸ್ತು... ಖಾಲಿ ಯಾಕ ಬಿಟ್ಟೀನಿ ಅಂತ ನಾ ಮೊದಲ ಹೇಳಬೇಕಿತ್ತು. ತಪ್ಪು ನಂದೂ ಐತಿ. ಒಡಪು ಹೇಳಸಿದವ್ನೂ ನಾನ."

"ಹೌದು. ಇಬ್ರೂ ಕೂಡಿ ಕೊಂದೇವಿ," ಎಂದಳು ಅವಳು. ಕಣ್ಣೀರು ಒರೆಸಿಕೊಳ್ಳಲಿಲ್ಲ. "ಆ ಭಾರ ನೀವೊಬ್ರ ಹೊರೂದು ಬ್ಯಾಡ."

ಅವನು ಆ ಪುಟವನ್ನು ಅವಳ ಕೈಯಿಂದ ತೆಗೆದುಕೊಂಡ. ಆಮೇಲೆ ಕೇಳಿದ:

"ನನ್ನಂಥವ್ನ ಕೂಡ... ಉಡಿಕಿ ಆಗ್ತೀರಿ? ವಿಧವಿಗೆ ಸೀರಿ ಉಡಿಸಿ ಮನಿ ತುಂಬಿಸಿಕೊಳ್ಳೂದು ನಮ್ಮ ಮಂದ್ಯಾಗ ಐತಿ."

"ಸೀರಿ ನೀವು ತರೂದು ಬ್ಯಾಡ." "ಒಂದ ಮೊಳ ಉಳದಿತ್ತಲ್ಲ... ನಾನ ಮುಗಸೇನಿ. ಅದನ್ನ ಉಡ್ತೀನಿ."

ಪರಪ್ಪ ಗೋಡೆಗೆ ಕೈ ಊರಿದ. ಅವನ ಭುಜಗಳು ಅಲುಗುತ್ತಿದ್ದವು. ಅವಳು ತನ್ನ ಸೆರಗಿನ ತುದಿಯನ್ನು ಅವನ ಕೈಗೆ ಕೊಟ್ಟಳು. ಅವನು ಕಣ್ಣು ಒರೆಸಿಕೊಂಡ.

"ಬಾಗಲಾಗ ಮೈನುದ್ದೀನ ಕೇಳಿದಾಗ... ನನ್ನ ಹೆಸರ ಮರತಿದ್ರೇನು?"

"ಇಲ್ಲ."

"ಮತ್ತ?"

"ಇನ್ನ ಮ್ಯಾಲ ಹೇಳಂಗಿಲ್ಲ," ಎಂದಳು ಶಂಕ್ರವ್ವ. "ಬರಿಯಂಗೂ ಇಲ್ಲ."