ಹೊನ್ನಿಯ ಬಜೆ

"ಆ ಬಜೆ ಮುಟ್ಟಬ್ಯಾಡವ್ವ. ಅದು ಹೊನ್ನಿ ಹೆಸರಿಗೆ ಮಂತ್ರಿಸಿದ್ದು. ಬೇರೆ ಕೂಸಿನ ನಾಲಿಗೆಗೆ ಹಚ್ಚಿದ್ರೆ ಹೊನ್ನಿ ಬಾಯಿಂದ ಮಾತು ಕಿತ್ಕೊಂಡು ಆ ಕೂಸಿಗೆ ಬರ್ತೈತೆ" ಎಂದರು ಅತ್ತೆ ಶಿವಗಂಗಮ್ಮ.

ಶಿವಲೀಲಾ ನಕ್ಕಳು. "ಮಾತೇನು ಮೊಬೈಲ್ ಸಿಮ್ಮಾ ಅತ್ತೆ, ಒಂದರಿಂದ ತೆಗೆದು ಇನ್ನೊಂದಕ್ಕೆ ಹಾಕಾಕೆ?"

ದಾವಣಗೆರೆಯಲ್ಲಿ ಆರು ವರ್ಷ ನರ್ಸ್ ಆಗಿದ್ದವಳು. ನ್ಯಾಮತಿಯ ಗಂಡನ ಮನೆಗೆ ಬಂದು ನೆಲೆಸಿ ಮೂರೇ ತಿಂಗಳು. ಬಾಯಲ್ಲಿ ನಗುವಿತ್ತು, ಹೊಟ್ಟೆಯಲ್ಲಿ ಉರಿ. ಅವಳ ಮಗ ಹಾಲೇಶನಿಗೆ ಮೂರು ತುಂಬಿದರೂ ಒಂದು ಮಾತಿಲ್ಲ. ಕಿವಿ ಸರಿಯಿದೆ, ಎಲ್ಲ ಸರಿಯಿದೆ ಎಂದು ಡಾಕ್ಟರು ಬರೆದುಕೊಟ್ಟಿದ್ದರು. ಓರಗಿತ್ತಿ ಶಾಂತಲಾಳ ಮಗಳು ಹೊನ್ನಿಯೋ, ಎರಡಕ್ಕೇ ಅರಳು ಹುರಿದಂತೆ ಮಾತಾಡುವಳು. "ದೊಡ್ಡವ್ವ, ಇದೇನು? ದೊಡ್ಡವ್ವ, ಅದ್ಯಾಕೆ?" ಎಂದು ಶಿವಲೀಲಾಳ ಸೆರಗು ಹಿಡಿದೇ ತಿರುಗುವಳು. ಕೂಸಿಗೆ ಬೇಗ ಮಾತು ಬರಲೆಂದು ಶಾಂತಲಾ ತವರೂರು ಸೊಕ್ಕೆಯ ಮಂತ್ರ ಹಾಕುವ ದುರುಗಕ್ಕನಿಂದ ಆ ಬಜೆ ಕೊಂಬು ತಂದಿದ್ದಳು. ಮನೆಗೆ ಬಂದವರ ಮುಂದೆಲ್ಲ ಕೂಸನ್ನು ಕೂರಿಸಿ ಮಾತಾಡಿಸುವಳು. ಅಬ್ಬಬ್ಬಾ, ಏನು ಮೆರೆದಾಟ! ಶಿವಲೀಲಾಳಿಗೆ ಮಗನ ಬಾಯಿಂದ ಒಂದೇ ಒಂದು "ಅವ್ವ" ಸಾಕಿತ್ತು.

ಭಾನುವಾರ ಮಧ್ಯಾಹ್ನ ಉಂಡು ಎಲ್ಲರೂ ಮಲಗಿದ್ದರು. ಕರೆಂಟ್ ಹೋಗಿತ್ತು. ಕಿಟಕಿಯಿಲ್ಲದ ದೇವರ ಕೋಣೆಯಲ್ಲಿ ಆರಿದ ಬತ್ತಿಯ ಕಮಟು. ಇದೆಲ್ಲ ಸುಳ್ಳು, ಸುಳ್ಳಾದ ಮೇಲೆ ಹಚ್ಚಿದರೆ ಗಂಟೇನು ಹೋಗುತ್ತದೆ ಎಂದುಕೊಂಡು ಅವಳು ಸಾಣೆಕಲ್ಲಿನ ಮೇಲೆ ಬಜೆ ತೇಯ್ದಳು. ಕಟುವಾದ ವಾಸನೆ ಎದ್ದು ಕಣ್ಣಲ್ಲಿ ನೀರು ತುಂಬಿತು. ಕೊಂಬಿಗೆ ಸುತ್ತಿದ್ದ ಕಪ್ಪು ದಾರ ಬೆರಳಿಗೆ ತಾಗಿತು. ಈಗಷ್ಟೇ ಯಾರದೋ ಬಾಯಿಂದ ತೆಗೆದಂತೆ ಒದ್ದೆಯಾಗಿ, ಬೆಚ್ಚಗಿತ್ತು. ಆದರೂ ಹಾಲೇಶನ ನಾಲಿಗೆಗೆ ಸವರಿಯೇಬಿಟ್ಟಳು.

ಪಡಸಾಲೆಯಿಂದ ಶಾಂತಲಾ ಚೀರಿದಳು. "ಅಕ್ಕಾ! ಬಾರಕ್ಕಾ! ಹೊನ್ನಿ ನಾಲಿಗೆ ನೋಡು ಹೆಂಗಾಗೈತೆ!"

ನಾಲಿಗೆ ಊದಿತ್ತು. ತುಟಿ ದಾಟಿ ಹೊರಗೆ ಬಂದಿತ್ತು. ಜೇನುಹುಳ ಕಚ್ಚಿತೇ? ಇಲ್ಲ. ಶೇಂಗಾ ತಿಂದಳೇ? ಇಲ್ಲ. ಹೊಸ ಮಾತ್ರೆ, ಸಿರಪ್ಪು? ಯಾವುದೂ ಇಲ್ಲ. ಕೂಸು ಮಲಗಿದ್ದಲ್ಲೇ ಮಲಗಿತ್ತು. ಅದರ ಬಾಯಿಂದ ಬಜೆಯ ವಾಸನೆ. ಶಿವಲೀಲಾ ಬಜೆ ತೇಯ್ದ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಕಾರು. ಹೊನ್ನಾಳಿ ರಸ್ತೆ. ಗೊರ್ ಗೊರ್ ಉಸಿರು. ಆಸ್ಪತ್ರೆ. ಇಂಜೆಕ್ಷನ್. ಮತ್ತೊಂದು ಇಂಜೆಕ್ಷನ್. ಕೂಸು ಉಳಿಯಿತು.

ಅಲರ್ಜಿ ಎಂದರು ಡಾಕ್ಟರು. ಯಾವುದರದ್ದೆಂದು ಅವರಿಗೂ ತಿಳಿಯಲಿಲ್ಲ. ಮೂರನೇ ದಿನ ಊತ ಇಳಿಯಿತು. ಹೊನ್ನಿ ಬಾಯಿ ತೆರೆದಳು. ಬರೀ ಗಾಳಿ ಬಂತು. ಶಾಂತಲಾ ಮಗಳ ಗಲ್ಲ ಹಿಡಿದು "ಒಂದ್ಸಲ ಅವ್ವ ಅನ್ನೇ" ಎಂದು ಮನೆಗೆ ಮರಳುವ ದಾರಿಯುದ್ದಕ್ಕೂ ಅತ್ತಳು. ಪಕ್ಕದಲ್ಲಿ ಕೂತ ಶಿವಲೀಲಾ ಕಿಟಕಿಯತ್ತ ಮುಖ ತಿರುಗಿಸಿಕೊಂಡಳು.

ಮನೆ ಬಾಗಿಲಲ್ಲಿ ಹಾಲೇಶ ನಿಂತಿದ್ದ. ಅವನ ತುಟಿಗಳು ಅಲುಗಿದವು.

"ಅವ್ವ!"

ಶಿವಲೀಲಾ ಮಾಡಿದ ಪಾಪ, ಭಯ ಎಲ್ಲ ಮರೆತು ಎರಡೂ ಕೈ ಚಾಚಿದಳು. ಮಗ ಅವಳನ್ನು ದಾಟಿ ಓಡಿದ. ಶಾಂತಲಾಳ ಕಾಲು ತಬ್ಬಿಕೊಂಡ. "ಅವ್ವ, ಎತ್ಕೋ" ಎಂದ, ಹೊನ್ನಿಯದೇ ದನಿಯಲ್ಲಿ.

"ಲೇ, ನಿಮ್ಮವ್ವ ನಾನು ಕಣೋ!" ಶಿವಲೀಲಾ ಅವನನ್ನು ಕಿತ್ತು ಎದೆಗವಚಿಕೊಂಡಳು.

ಹಾಲೇಶ ಕೊಸರಿಕೊಂಡು ಅವಳ ಮುಖ ನೋಡಿದ.

"ಬಿಡು ದೊಡ್ಡವ್ವ. ನಾ ನಮ್ಮವ್ವನ ಹತ್ರ ಹೋಗ್ತೀನಿ."