ಅವಳ ಶಾಲೆಯ ಖಾಲಿ ಹುದ್ದೆ

ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ ಗಣಿತ ಮಾಸ್ತರ ಫಕೀರೇಶ ಆ ಊರಿನ ಹೆಸರು ಹೇಳಿದಾಗ ಅಧಿಕಾರಿಯೇ ತಲೆಯೆತ್ತಿ ನೋಡಿದ್ದರು. ಹುಬ್ಬಳ್ಳಿಗೆ ಹತ್ತಿರದ ಶಾಲೆಗಳಿರುವಾಗ ಮಿಶ್ರಿಕೋಟಿಯನ್ನೂ ದಾಟಿ ಒಳಗೆ ಹೋಗುತ್ತೇನೆ ಎನ್ನುವವರು ಯಾರಿದ್ದಾರೆ? ಬಸ್ಸು ಸಲೀಸು ಎಂದು ಅವನು ಒಂದು ಸುಳ್ಳು ಹೇಳಿದ. ನಿಜ ಸಂಗತಿಯ ಹೆಸರು ಶಿವಗಂಗಾ.

ಕಲಘಟಗಿಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ಆ ಊರಿನ ಸರ್ಕಾರಿ ಹೈಸ್ಕೂಲಿನ ಮಕ್ಕಳನ್ನು ಕರೆತಂದಿದ್ದವಳು ಅವಳು. ಫಕೀರೇಶನ ಹುಡುಗರು ಮಾಡಿದ್ದ ಜ್ವಾಲಾಮುಖಿಯ ಮಾದರಿ ಉಕ್ಕಿ ಅವಳ ಸೀರೆಗೆ ಕೆಂಪು ನೀರು ಸಿಡಿದಿತ್ತು. ಇವನು ತಡವರಿಸುತ್ತ ಕ್ಷಮೆ ಕೇಳಿದರೆ ಅವಳು ತುಟಿ ಬಿಗಿಹಿಡಿದು ನಗು ತಡೆದಳು.

"ಸೀರಿ ಹೋದ್ರ ಹೋಗ್ಲಿ ಬಿಡ್ರಿ ಸರ್. ನಿಮ್ಮ ಹುಡುಗ್ರಿಗೆ ಪ್ರೈಜ್ ಬರ್ಲಿ."

ಹೋಗುವಾಗ ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದಳು. ಆ ಒಂದು ನೋಟಕ್ಕೆ ನಮ್ಮ ಮಾಸ್ತರ ವರ್ಗಾವಣೆಗೆ ಅರ್ಜಿ ಹಾಕಿಬಿಟ್ಟ.

ಅವಳು ವಿಜ್ಞಾನದ ಟೀಚರ್, ಕಾಯಂ ನೌಕರಿಯವಳು ಎಂದೇ ಅವನ ಲೆಕ್ಕ. ಗಣಿತದವನಾದ ತಾನೂ ಅವತ್ತು ಜ್ವಾಲಾಮುಖಿ ಹೊತ್ತು ಹೋಗಿದ್ದೆನಲ್ಲ, ಅವಳೂ ಹಾಗೆಯೇ ಬಂದಿರಬಹುದು ಎಂಬುದು ಹೊಳೆಯಲೇ ಇಲ್ಲ. ಹೊಸ ಅಂಗಿ ತೊಟ್ಟು ಶಾಲೆಗೆ ಹಾಜರಾದ ದಿನವೇ ಗೊತ್ತಾಯಿತು. ಅವಳು ಅತಿಥಿ ಶಿಕ್ಷಕಿ. ಖಾಲಿಯಿದ್ದ ಗಣಿತದ ಹುದ್ದೆಯಲ್ಲಿ ಪಾಠ ಮಾಡುತ್ತಿದ್ದವಳು. ಕಾಯಂ ಮಾಸ್ತರ ಬಂದ ಮೇಲೆ ಅತಿಥಿಗೆ ಅಲ್ಲಿ ಕೆಲಸವಿಲ್ಲ.

ಶಿವಗಂಗಾ ಅವನನ್ನು ನೋಡಿ ಒಂದು ಗಳಿಗೆ ಅರಳಿದಳು, ಮರುಗಳಿಗೆಗೆ ಅವಳ ಮುಖ ಬಾಡಿತು. ಯಾವ ಮಗುವಿಗೆ ಯಾವ ಪಾಠ ಕಷ್ಟ ಎಂದು ತಿಳಿಸಿ ಬ್ಯಾಗು ತೆಗೆದುಕೊಂಡು ಹೊರಟಳು. ಹತ್ತನೆಯ ಇಯತ್ತೆಯ ಹುಡುಗಿಯರು ಅತ್ತರು.

ಮಧ್ಯಾಹ್ನ ಬಿಸಿಯೂಟ ಬಡಿಸುತ್ತ ಹಸೀನಾಬಿ ತಣ್ಣಗೆ ಹೇಳಿದಳು: "ಟೀಚರ್ ಇದ ಸಾಲ್ಯಾಗ ಕಲ್ತಾಕಿ ರೀ ಸರ್. ಈ ಊರ ಮಗಳು."

ಫಕೀರೇಶ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ತಾನು ಪ್ರೀತಿಸಿದವಳ ಅನ್ನಕ್ಕೇ ಕೈ ಹಾಕಿದೆನಲ್ಲ ಎಂದು ಒಳಗೊಳಗೇ ಬೆಂದ.

ಪರೀಕ್ಷೆ ಹತ್ತಿರ ಬಂತು. ಊರಲ್ಲೇ ಕೋಣೆ ಹಿಡಿದಿದ್ದ ಅವನಿಗೆ ಒಂದು ದಿನ ನಸುಕಿನಲ್ಲಿ ಅವಳ ದನಿ ಕೇಳಿಸಿತು. ಹತ್ತನೆಯವರನ್ನು ಓದಲು ಎಬ್ಬಿಸುತ್ತ ಮನೆ ಮನೆಯ ಬಾಗಿಲು ಬಡಿಯುವುದು ಅವಳು ಹಾಕಿಕೊಂಡಿದ್ದ ರೂಢಿ. ಫಕೀರೇಶ ಚಪ್ಪಲಿ ಮೆಟ್ಟಿ ಓಡಿದ.

"ಇನ್ನೂ ಯಾಕ್ರಿ ಬರ್ತೀರಿ?"

"ನೌಕರಿ ನಂದು ಹೋತು. ಪರೀಕ್ಷಾ ಮಕ್ಕಳದ್ದು ಐತಲ್ರಿ."

ತಾನು ಬೇರೆ ಶಾಲೆಗೆ ನಿಯೋಜನೆ ಕೇಳಿಕೊಂಡು ಹೋಗುತ್ತೇನೆ, ನೀವು ಮರಳಿ ಬನ್ನಿ ಎಂದ. ವರ್ಷದ ಕೊನೆಯಲ್ಲಿ ಮತ್ತೆ ಮಾಸ್ತರ ಬದಲಾದರೆ ಮಕ್ಕಳು ಎಲ್ಲಿಗೆ ಹೋಗಬೇಕು ಎಂದು ಅವಳು ರೇಗಿದಳು. ಆಮೇಲೆ ನಿಂತು, ಅವನ ಕಣ್ಣಲ್ಲಿ ಕಣ್ಣಿಟ್ಟು ಕೇಳಿದಳು.

"ಅಷ್ಟ ಊರು ಇದ್ವು. ಈ ಊರ್ ಯಾಕ ತಗೊಂಡ್ರಿ?"

ಬಸ್ಸಿನ ಸುಳ್ಳು ಈಗ ನಾಲಿಗೆಗೆ ಬರಲಿಲ್ಲ.

"ನಿಮ್ಮ ಸಲುವಾಗಿ ರೀ. ದಿನಾ ನಿಮ್ಮನ್ನ ನೋಡಬೌದು ಅಂತ ಬಂದೆ. ಬಂದು ನಿಮ್ಮ ಕುರ್ಚಿ ಮ್ಯಾಲೇ ಕುಂತೆ."

ಅವಳ ಕಣ್ಣು ತುಂಬಿತು. ಕೆನ್ನೆ ಮಾತ್ರ ಕೆಂಪಾಗಿತ್ತು.

"ನೋಡೂದಿದ್ರ ನಮ್ಮ ಮನಿಗೆ ಬರೂದಿತ್ತಲ್ರಿ. ಸಾಲಿಗ್ಯಾಕ ಬಂದ್ರಿ?"

"ತಪ್ಪಾತ್ರಿ," ಎಂದ ಅವನು.

"ನನ್ನ ಸಿಟ್ಟು ಹೋಗಿಲ್ರಿ. ಲಗೂನ ಹೋಗೂದೂ ಇಲ್ಲ," ಎಂದು ಮುಂದೆ ನಡೆದಳು.

ಹಿಂದೆ ಹೋಗಬೇಕೋ ಬೇಡವೋ ತಿಳಿಯದಿದ್ದರೂ ಅವನು ಹಿಂಬಾಲಿಸಿದ. ಓಣಿಯ ತಿರುವಿನಲ್ಲಿ ಅವಳು ಮಾತಿಲ್ಲದೆ ಒಂದು ಮನೆಯತ್ತ ಕೈ ತೋರಿಸಿದಳು. ಫಕೀರೇಶ ಬಾಗಿಲು ಬಡಿದ. ಆ ಮನೆಯ ಅಂದಾನೆಪ್ಪ ಕಣ್ಣುಜ್ಜುತ್ತ ಹೊರಬಂದು, ಕತ್ತಲಲ್ಲಿ ಗುರುತು ಹಿಡಿಯದೆ, ನೀವ್ಯಾರು, ನಮ್ಮ ಟೀಚರ್ ಎಲ್ಲಿ ಎಂದು ಕೇಳಿದ.

ಅವರನ್ನು ಮನೆಗೆ ಕಳಿಸಿದವನೇ ನಾನು ಎಂದು ಹೇಗೆ ಹೇಳುವುದು? ಬೆನ್ನ ಹಿಂದೆ ಬಳೆಯ ಸದ್ದಾಯಿತು. ಶಿವಗಂಗಾ ಬಂದು ಅವನ ಪಕ್ಕಕ್ಕೇ ನಿಂತಳು.

"ಇಲ್ಲೇ ಅದೀನಿ ಕಾಕಾ. ಇವ್ರು ನಮ್ಮ ಸರ್. ನಾಳಿಂದ ಇಬ್ರೂ ಕೂಡೇ ಬರ್ತೀವಿ. ಮಗಳನ್ನ ಎಬ್ಬಸ್ರಿ."