ಲಗೇಜಿನವಳು

"ಇವಳು ಯಾರೇ?" ಎಂದು ಅಮ್ಮ ಕೇಳಿದರೆ ಏನು ಹೇಳಬೇಕೆಂದು ಒಂದು ತಿಂಗಳಿಂದ ಉರು ಹೊಡೆದಿದ್ದೆ. ಹಲ್ಲುಜ್ಜುವಾಗ ಹೇಳಿಕೊಂಡಿದ್ದೆ, ಬಟ್ಟೆ ಒಗೆಯುವಾಗ ಹೇಳಿಕೊಂಡಿದ್ದೆ. ಅಮ್ಮ ನಿಜವಾಗಿಯೂ ಎದುರು ನಿಂತು ಕೇಳಿದಾಗ ಬಾಯಿಂದ ಬಂದದ್ದೇ ಬೇರೆ.

"ಲಾಡ್ಜಿನ ಲಗೇಜಿನವಳು, ಅಮ್ಮ."

ಅಮ್ಮನ ಚೀಲವನ್ನು ಹೆಗಲಿಗೇರಿಸಿ ನಿಂತಿದ್ದವಳು ಪೀಪಿ. ಎರಡು ವರ್ಷದಿಂದ ನಾವಿಬ್ಬರೂ ಒಂದೇ ಮನೆಯಲ್ಲಿ, ಒಂದೇ ಮಂಚ ಹಂಚಿಕೊಂಡು ಬಾಳುತ್ತಿದ್ದೇವೆ. ಆ ದಿನ ನನಗೆ ಲಾಡ್ಜಿನ ರಿಸೆಪ್ಷನ್ನಿನಲ್ಲಿ ಡ್ಯೂಟಿ ಇತ್ತು. ಪೀಪಿಯೇ ರಜೆ ಹಾಕಿ, ನೀಲಿ ಅಂಗಿಗೆ ಇಸ್ತ್ರಿ ಮಾಡಿ, ಎಂದೂ ಮಾತು ಕೇಳದ ಕೂದಲಿಗೆ ನೀರು ಹಚ್ಚಿ ಬಾಚಿ, ಬಸ್ ಸ್ಟ್ಯಾಂಡಿಗೆ ಹೋಗಿ ಅಮ್ಮನನ್ನು ಕರೆತಂದಿದ್ದಳು. ದಾರಿಯಲ್ಲಿ ಏನೂ ಹೇಳಬೇಡ, ನಾನೇ ಹೇಳುತ್ತೇನೆ ಎಂದು ಅವಳಿಗೆ ಮಾತು ಕೊಟ್ಟಿದ್ದೆ.

ಪೀಪಿ ನನ್ನ ಮುಖವನ್ನೊಮ್ಮೆ ನೋಡಿದಳು. ಆಮೇಲೆ ಅಮ್ಮನ ಕಡೆ ತಿರುಗಿ ಹೌದೆಂದು ತಲೆಯಾಡಿಸಿದಳು.

"ಮೆಲ್ಲಗೆ ಇಡಮ್ಮ, ಒಳಗೆ ಗಾಜಿನ ಬಾಟ್ಲಿ ಇದೆ," ಎಂದಳು ಅಮ್ಮ.

ಮಲಗಿದ ಮಗುವನ್ನು ಇಳಿಸುವ ಹಾಗೆ ಪೀಪಿ ಚೀಲ ಇಟ್ಟಳು. "ಬರ್ತೀನಿ ಮೇಡಂ," ಎಂದು ನನಗೇ ಹೇಳಿ ಮೆಟ್ಟಿಲಿಳಿದು ಹೋದಳು. ಮೇಡಂ ಅಂತೆ. ಎರಡು ವರ್ಷದಲ್ಲಿ ನನ್ನನ್ನು ಕತ್ತೆ, ಕೋತಿ, ಚಿನ್ನ ಎಂದೆಲ್ಲ ಕರೆದಿದ್ದಾಳೆ, ಮೇಡಂ ಎಂದು ಒಮ್ಮೆಯೂ ಕರೆದಿರಲಿಲ್ಲ.

ಈ ಕಡಲೂರು ನಮ್ಮಂಥವರಿಗೆ ಒಳ್ಳೆಯ ಊರು ಎಂದು ಎಲ್ಲರೂ ಹೇಳುತ್ತಾರೆ. ಲಾಡ್ಜಿಗೆ ಬಂದವರು ರಿಸೆಪ್ಷನ್ನಿನಲ್ಲಿ ಕೂತ ನನ್ನನ್ನು ಅದರ ಗುಟ್ಟು ಕೇಳುತ್ತಾರೆ. ಗುಟ್ಟೇನೂ ಇಲ್ಲ. ಇಲ್ಲಿನವರು ದೊಡ್ಡ ಸಂತರಲ್ಲ, ಗಾಡಿ ನಿಲ್ಲಿಸುವ ಜಾಗಕ್ಕೆ ಕೈ ಕೈ ಮಿಲಾಯಿಸುವ ಜನ. ಆದರೆ ಕ್ಲಿನಿಕ್ಕಿನ ನರ್ಸು "ತುರ್ತಿಗೆ ಯಾರಿಗೆ ಫೋನ್ ಮಾಡ್ಲಿ?" ಎಂದು ಕೇಳಿ, ಹೇಳಿದ ಹೆಸರನ್ನು ಹುಬ್ಬೇರಿಸದೆ ಬರೆದುಕೊಳ್ಳುತ್ತಾಳೆ. ಟೈಲರು ಯಾರು ಯಾವ ಬಟ್ಟೆ ಹೊಲಿಸಲು ಬಂದರೂ ಅಳತೆ ತೆಗೆದು "ಮಂಗಳವಾರ ಕೊಡ್ತೀನಿ" ಎನ್ನುತ್ತಾನೆ. ಎಲ್ಲರಿಗೂ ಅದೇ ಸುಳ್ಳು.

ನಮ್ಮ ಲಾಡ್ಜಿನ ಯಜಮಾನಿಯನ್ನು ನಾವು ದೊಡ್ಡಮ್ಮ ಎನ್ನುತ್ತೇವೆ. ಅವಳದೊಂದು ನಿಯಮ. ಇಬ್ಬರು ಬಂದರೆ, ಐವತ್ತು ವರ್ಷ ಸಂಸಾರ ಮಾಡಿದ ಗಂಡಹೆಂಡಿರಾಗಲಿ, ಇಬ್ಬರು ಗಂಡಸರಾಗಲಿ, ಒಂದೇ ಪ್ರಶ್ನೆ: "ಒಂದು ದೊಡ್ಡ ಮಂಚನಾ, ಎರಡು ಚಿಕ್ಕದಾ?" ಕೆಲಸಕ್ಕೆ ಸೇರಿದ ಮೊದಲ ವಾರವೆಲ್ಲ ನನಗೆ ಕಲಿಸಿದ್ದು ಆ ಪ್ರಶ್ನೆಯ ದನಿಯನ್ನೇ. "ಏರಬಾರದು, ಇಳೀಬಾರದು. ಟೀನಾ ಕಾಫಿನಾ ಅಂತ ಕೇಳಿದ ಹಾಗಿರಬೇಕು." ಆ ಪ್ರಶ್ನೆಗೆ ಕಣ್ಣು ತುಂಬಿಕೊಂಡವರನ್ನು ನೋಡಿದ್ದೇನೆ. ಒಂದೇ ಮಂಚ ಎಂದು ಜೀವನದಲ್ಲಿ ಮೊದಲ ಸಲ ಬಾಯಿಬಿಟ್ಟು ಹೇಳಿದವರಿಗೆ ಬೀಗದ ಕೈ ಕೊಟ್ಟು, ನೀರು ಕುಡಿಸಿ, ಧೈರ್ಯ ಹೇಳಿ ಕಳಿಸಿದವಳು ನಾನೇ. ಊರಿಗೆ ಉಪಕಾರಿ, ಮನೆಗೆ ಮಾರಿ.

ಅಮ್ಮ ದಣಿವಾರಿಸಿಕೊಳ್ಳಲು ಮೇಲಿನ ರೂಮಿಗೆ ಹೋದ ಮೇಲೆ ದೊಡ್ಡಮ್ಮ ಕನ್ನಡಕ ತೆಗೆದಳು. "ನನ್ನ ಕೌಂಟರಿನ ಮುಂದೆ ಇಪ್ಪತ್ತು ವರ್ಷದಲ್ಲಿ ತನ್ನವರನ್ನು ಯಾರೂ ಹಾಗೆ ಅಲ್ಲಗಳೆದಿರಲಿಲ್ಲ. ನೀನೇ ಮೊದಲು."

ತಲೆ ಎತ್ತಲು ಆಗಲಿಲ್ಲ. ರಿಜಿಸ್ಟರಿನಲ್ಲಿ ಇಲ್ಲದ ತಪ್ಪನ್ನು ಹುಡುಕುತ್ತಾ ಕೂತೆ.

ಪೀಪಿ ಕಡಲತೀರದ ಲೈಫ್‌ಗಾರ್ಡ್. ಕೊರಳಲ್ಲಿ ಸದಾ ಪೀಪಿ ತೂಗುವುದರಿಂದ ಊರಿಗೆಲ್ಲ ಅವಳ ಹೆಸರೇ ಅದು. ನಾನು ಈ ಊರಿಗೆ ಬಂದ ಹೊಸತರಲ್ಲಿ ಕೆಂಪು ಬಾವುಟ ದಾಟಿ ನೀರಿಗಿಳಿದಾಗ ಕಿವಿ ತೂತಾಗುವ ಹಾಗೆ ಊದಿದ್ದಳು.

"ಏ ಹಳದಿ ಅಂಗಿ, ಹಿಂದೆ ಬಾ."

"ಮಂಡಿವರೆಗೆ ತಾನೇ ಬಂದಿರೋದು?"

"ಮುಳುಗಿದವರೆಲ್ಲ ಮೊದಲು ಮಂಡಿವರೆಗೇ ಬಂದಿದ್ದು."

ಮರುದಿನವೂ ಹಳದಿ ಅಂಗಿಯನ್ನೇ ಹಾಕಿಕೊಂಡು ಹೋದೆ. ಯಾಕೆಂದು ಕೇಳಬೇಡಿ. ಎತ್ತರದ ಕುರ್ಚಿಯ ಮೇಲೆ ಅವಳು, ಕೆಳಗೆ ಮರಳಲ್ಲಿ ನಾನು. ಡ್ಯೂಟಿಯಲ್ಲಿದ್ದಾಗ ನೀರಿನಿಂದ ಕಣ್ಣು ಕೀಳಬಾರದೆಂಬುದು ಅವಳ ಕೆಲಸದ ಕಟ್ಟುಪಾಡು. ಮಾತಾಡುತ್ತಿದ್ದದ್ದು ನನ್ನ ಜೊತೆ, ನೋಡುತ್ತಿದ್ದದ್ದು ಸಮುದ್ರವನ್ನು. ಹಾಗಾಗಿ ನಾನು ಅವಳ ಕೆನ್ನೆಯನ್ನು, ಉಪ್ಪು ಒಣಗಿದ ರೆಪ್ಪೆಯನ್ನು ಮನಸಾರೆ ನೋಡಬಹುದಿತ್ತು.

"ಒಂದ್ಸಲ ಈ ಕಡೆ ನೋಡಿದ್ರೆ ಸಮುದ್ರ ಓಡಿ ಹೋಗುತ್ತಾ?" ಎಂದು ಕೇಳಿದ್ದೆ ಒಂದು ದಿನ.

"ಅದು ಎಲ್ಲೂ ಹೋಗಲ್ಲ. ನಾನು ಮುಳುಗ್ತೀನಿ," ಎಂದಿದ್ದಳು ನೀರನ್ನೇ ನೋಡುತ್ತಾ. ಕಿವಿ ಮಾತ್ರ ಕೆಂಪಗಾಗಿತ್ತು.

ಅಂಥವಳಿಗೆ ನಾನು ಕೊಟ್ಟ ಹೆಸರು ಲಗೇಜಿನವಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಸಂಜೆ ಅವಳ ಮೆಸೇಜ್ ಬಂತು. 'ನಿಮ್ಮಮ್ಮಂಗೆ ಮನೆ ತೋರಿಸಬೇಕಲ್ಲ, ನನ್ನ ಸಾಮಾನೆಲ್ಲ ತೆಗೆದಿದ್ದೀನಿ. ಬೀಚಿನ ಗಾರ್ಡ್ ರೂಮಲ್ಲಿ ಇರ್ತೀನಿ. ಅವರು ಹೋದ ಮೇಲೆ ವಾಪಸ್ ಬರ್ತೀನೋ ಇಲ್ವೋ ಗೊತ್ತಿಲ್ಲ.'

ಅಮ್ಮನನ್ನು ಮನೆಗೆ ಕರೆದುಕೊಂಡು ಹೋದೆ. ಬಾಗಿಲು ತೆಗೆದೆ. ಎರಡನೇ ದಿಂಬಿಲ್ಲ. ಹಗ್ಗದ ಮೇಲಿನ ಈಜುಬಟ್ಟೆ ಇಲ್ಲ. ನಮ್ಮಿಬ್ಬರ ಫೋಟೋ ಇದ್ದ ಗೋಡೆಗೆ ನನ್ನ ಕ್ಯಾಲೆಂಡರ್ ನೇತುಹಾಕಿದ್ದಳು, ಮೊಳೆ ಕಾಣದ ಹಾಗೆ. ನನ್ನ ಸುಳ್ಳನ್ನು ನನಗಿಂತ ಅಚ್ಚುಕಟ್ಟಾಗಿ ಅವಳೇ ಕಾಪಾಡಿದ್ದಳು. ನನಗೆ ಅಲ್ಲೇ ಕೂತು ಅಳಬೇಕೆನಿಸಿತು.

ಅಮ್ಮ ಸುತ್ತ ನೋಡಿದಳು. "ಒಬ್ಬಳಿಗೆ ಮನೆ ದೊಡ್ಡದಾಯ್ತು ಕಣೇ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಕೈ ಸೀದಾ ಆ ಕ್ಯಾಲೆಂಡರಿಗೆ ಹೋಯಿತು. ಅಲ್ಲಿಂದ ಮುಂದೆ ಸುಳ್ಳು ಹೇಳುವ ತ್ರಾಣ ನನ್ನಲ್ಲಿರಲಿಲ್ಲ.

"ಇದು ಒಬ್ಬಳ ಮನೆ ಅಲ್ಲ ಅಮ್ಮ. ನಿನ್ನ ಚೀಲ ಹೊತ್ತು ತಂದಳಲ್ಲ, ಅವಳದ್ದೂ ಮನೆ ಇದು. ನಾವಿಬ್ಬರೂ... ಗಂಡಹೆಂಡಿರು ಬಾಳೋ ಹಾಗೇ ಬಾಳ್ತಿದ್ದೀವಿ. ನನಗೆ ಅವಳಂದ್ರೆ ಪ್ರಾಣ. ನಿನ್ನ ಮುಖ ನೋಡಿ ಹೆದರಿಬಿಟ್ಟೆ."

ಅಮ್ಮ ಮಂಚದ ತುದಿಯಲ್ಲಿ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು.

"ಬಸ್ಸಿಂದ ಇಳಿಯೋವಾಗ 'ಬಲಗಾಲು ಮೊದಲು ಇಳಿಸಿ ಅಮ್ಮ, ಆ ಮಂಡಿ ತಾನೇ ನೋವಿರೋದು' ಅಂದಳು. ನೀನು ಲಗೇಜಿನವಳು ಅಂದಾಗಲೇ ಅವಳಿಗೆ ನನ್ನ ಮಂಡಿ ಹೇಗೆ ಗೊತ್ತು ಅಂತ ಅನಿಸ್ತು. ನಿನಗೇ ಯಾವ ಕಾಲು ಅಂತ ನೆನಪಿರಲ್ಲ." ಒಂಟಿ ದಿಂಬನ್ನು ಸರಿಮಾಡಿ ಹೇಳಿದಳು, "ನನಗೆ ಇದೆಲ್ಲ ಅರ್ಥ ಆಯ್ತು ಅಂತ ಹೇಳಲ್ಲ. ಆಗುತ್ತೋ ಇಲ್ವೋ ಅದೂ ಗೊತ್ತಿಲ್ಲ. ಆದರೆ ಮನೆಯವಳ ಹೆಗಲಿಗೆ ಚೀಲ ಹೊರಿಸಿ, ಮೆಲ್ಲಗಿಡಮ್ಮ ಅಂತ ಅಪ್ಪಣೆ ಮಾಡಿದೆನಲ್ಲ. ಅವಳ ಜೊತೆ ನನ್ನನ್ನೂ ಸಣ್ಣವಳನ್ನಾಗಿ ಮಾಡಿಬಿಟ್ಟೆ ನೀನು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮರುದಿನ ಬೆಳಿಗ್ಗೆ ಇಬ್ಬರೂ ಕಡಲತೀರಕ್ಕೆ ಹೋದೆವು. ಪೀಪಿ ಎತ್ತರದ ಕುರ್ಚಿಯ ಮೇಲಿದ್ದಳು, ಕಣ್ಣು ನೀರಿನ ಮೇಲೆ. ಕೋಪವೋ ಕೆಲಸವೋ ಹೇಳುವುದು ಹೇಗೆ?

"ಡ್ಯೂಟಿಲಿದ್ದೀನಿ," ಎಂದಳು.

"ಗೊತ್ತು. ನೋಡ್ಬೇಡ, ಕೇಳಿಸ್ಕೋ ಸಾಕು." ಅಮ್ಮನ ಕಡೆ ತಿರುಗಿದೆ. ದನಿ ಬೇಕಾದ್ದಕ್ಕಿಂತ ಜೋರಾಯಿತು. "ಅಮ್ಮ, ಇವಳು ನನ್ನವಳು. ನಾನು ಪ್ರೀತಿಸಿ ಬಾಳ್ತಿರೋದು ಇವಳ ಜೊತೆ. ನಿನ್ನೆ ನಾನು ಹೇಳಿದ್ದು ಸುಳ್ಳು, ಅದಕ್ಕಿಂತ ಕೆಟ್ಟ ಮಾತು ನಾನು ಯಾವತ್ತೂ ಆಡಿಲ್ಲ."

ಐಸ್‌ಕ್ರೀಮಿನವನು ಒಮ್ಮೆ ಈ ಕಡೆ ನೋಡಿದ. ಆಮೇಲೆ ಮುಂದಿನ ಗಿರಾಕಿಗೆ ಕೋನ್ ತುಂಬತೊಡಗಿದ.

ಪೀಪಿ ನೀರಿನಿಂದ ಕಣ್ಣು ಕೀಳಲಿಲ್ಲ. "ಸುಮ್ನಿರೇ. ಕಣ್ಣಲ್ಲಿ ನೀರು ತುಂಬಿದ್ರೆ ನನಗೆ ಏನೂ ಕಾಣಿಸಲ್ಲ. ಅಲ್ಲಿ ಮಕ್ಕಳು ಆಡ್ತಿದ್ದಾರೆ."

ಅವಳ ಪಾಳಿ ಮುಗಿಯುವ ತನಕ ಅಮ್ಮನೂ ನಾನೂ ಮರಳಲ್ಲಿ ಕೂತೆವು.

ಮಧ್ಯಾಹ್ನ ಬದಲಿ ಗಾರ್ಡ್ ಬಂದ ಮೇಲೆ ಕುರ್ಚಿಯಿಂದ ಇಳಿದು ನನ್ನೆದುರು ನಿಂತಳು. ಈಗ ನನ್ನನ್ನೇ ನೋಡಿದಳು. ಆ ನೋಟಕ್ಕಾಗಿ ವರ್ಷಗಟ್ಟಲೆ ಕಾಡಿಸಿದ್ದ ನಾನು ಅವತ್ತು ಅದನ್ನು ಎದುರಿಸಲಾಗದೆ ನೆಲ ನೋಡಿದೆ.

"ಕೋಪ ಇದೆ, ಇಷ್ಟು ಬೇಗ ಹೋಗಲ್ಲ," ಎಂದಳು. "ಆದರೆ ಅದಕ್ಕಿಂತ ಜಾಸ್ತಿ ಸುಟ್ಟಿದ್ದು ಏನು ಗೊತ್ತಾ? ನೀನು ಅಂದೆ, ನಾನು ಹೌದು ಅಂತ ತಲೆ ಆಡಿಸಿದೆ. ನಿನ್ನ ಉಳಿಸೋಕೆ ನನ್ನನ್ನ ನಾನೇ ಇಲ್ಲ ಅಂದುಬಿಟ್ಟೆ. ಇನ್ನೊಂದ್ಸಲ ಆಡಿಸಲ್ಲ ಕಣೇ. ನೀನು ಕಾಲು ಹಿಡಿದ್ರೂ ಆಡಿಸಲ್ಲ."

"ಆಡಿಸ್ಬೇಡ," ಎಂದೆ.

ಅಮ್ಮ ಮರಳಿನಿಂದ ಏಳಲು ಕೈ ಚಾಚಿದಳು. ಚಾಚಿದ್ದು ನನ್ನ ಕಡೆಗಲ್ಲ. "ಸ್ವಲ್ಪ ಹಿಡ್ಕೋಮ್ಮ," ಎಂದಳು. ಪೀಪಿ ಹಿಡಿದು ಎಬ್ಬಿಸಿದಳು.

"ಮನೆಗೆ ಹೋಗೋಣ. ಅಮ್ಮಂಗೆ ಬಿಸಿಲು," ಎಂದಳು ಪೀಪಿ.

ಮನೆಗೆ ಎಂದಳು. ಮೈಯಲ್ಲಿ ಜೀವ ಬಂತು. ಅಮ್ಮನನ್ನು ಹಿಡಿದು ಅವಳು ಮುಂದೆ ನಡೆದಳು. ಇನ್ನೊಂದು ಕೈ ಖಾಲಿ ಇತ್ತು. ಅದನ್ನು ಹಿಡಿಯಬಹುದೋ ಬಾರದೋ ತಿಳಿಯದೆ ಎರಡು ಹೆಜ್ಜೆ ಹಿಂದೆಯೇ ಬಂದೆ.

"ಅದಕ್ಕೂ ಕೇಳ್ಬೇಕಾ?" ಎಂದಳು, ತಿರುಗದೆ.

ಹಿಡಿದೆ. ನಡುಬೀದಿಯಲ್ಲಿ, ಅಮ್ಮ ನೋಡುತ್ತಿದ್ದ ಹಾಗೆಯೇ. ಅವಳ ಬೆರಳುಗಳು ಮೊದಲಿನಂತೆ ನನ್ನ ಬೆರಳುಗಳ ನಡುವೆ ಬಂದು ಸೇರಲಿಲ್ಲ, ನನ್ನ ಅಂಗೈಯಲ್ಲಿ ಸುಮ್ಮನಿದ್ದವು. ಆದರೆ ಮನೆ ಬರುವ ತನಕ ಅವಳು ಬಿಡಿಸಿಕೊಳ್ಳಲಿಲ್ಲ.